ಸೆರಾಬಾಯಿ ಓದಿದ ಹಾಗೆ

ಬೊನಿಫಾಸ್ ಮಾಸ್ತರರ ಕಥೆಗಳಲ್ಲಿ ಭಾನುವಾರದ ಪೂಜೆ ತಪ್ಪಿಸಿದವರೆಲ್ಲ ಲಾರಿಯ ಕೆಳಗೆ ಬೀಳುತ್ತಿದ್ದರು. ಕುಡಿಯುವವನಿಗೆ ಮೂರನೆಯ ಪುಟದಲ್ಲಿ ಲಿವರ್ ಕೆಡುತ್ತಿತ್ತು. ಅಮ್ಮನಿಗೆ ಎದುರು ಮಾತಾಡಿದ ಮಗನ ಬಾಯಿ ಸೊಟ್ಟಗಾಗುತ್ತಿತ್ತು. ಇವರೆಲ್ಲ ಪ್ರಾಣ ಬಿಡುವ ಮೊದಲು ಪಾದ್ರಿಯ ಕೈ ಹಿಡಿದುಕೊಂಡು ಒಂದೂವರೆ ಪುಟ ಪಶ್ಚಾತ್ತಾಪ ಪಡುತ್ತಿದ್ದರು. ಹೊನ್ನಾವರ ಬಂದರಿನ ಹತ್ತಿರದ ಕ್ರೈಸ್ತರ ವಾಡೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದ ಸೆರಾಫಿನಾ ಫರ್ನಾಂಡಿಸ್ ಈ ಕಥೆಗಳನ್ನು ಒಂದೂ ಬಿಡದೆ ಓದಿದ್ದಳು. ಇಗರ್ಜಿಗೆ ಬರುವ ಮಾಸಪತ್ರಿಕೆಯಲ್ಲಿ ಕಥೆ ಬರೆಯುವವರು ಎಂದರೆ ಭಟ್ಕಳದ ಈ ನಿವೃತ್ತ ಹೆಡ್ಮಾಸ್ತರರು ಒಬ್ಬರೇ. ಓದಲಿಕ್ಕೆ ಬೇರೆ ಏನೂ ಸಿಗದ ಕಾರಣ ಸೆರಾಬಾಯಿ ಬೈದುಕೊಂಡೇ ಓದುತ್ತಿದ್ದಳು.

ಬೈಗುಳವನ್ನು ಬರೆದಿಡುವ ಚಟವೂ ಅವಳಿಗಿತ್ತು. ಬಟ್ಟೆಗೆ ಗುರುತು ಹಾಕುವ ನೀಲಿ ಪೆನ್ಸಿಲ್ ಕಿವಿಯ ಸಂದಿಯಲ್ಲಿ ಯಾವಾಗಲೂ ಇರುತ್ತಿತ್ತು. ಅದನ್ನು ತೆಗೆದು ಪುಟದ ಅಂಚಿನಲ್ಲಿ ‘ಮತ್ತೆ ಲಾರಿ’ ಎಂದು ಬರೆಯುವಳು. ‘ಈ ಮನೆಯಲ್ಲಿ ಯಾರೂ ಉಣ್ಣುವುದಿಲ್ಲವೇ?’ ಎಂದು ಇನ್ನೊಂದು ಕಡೆ. ಬಡ ವಿಧವೆಯೊಬ್ಬಳು ಎಂಟು ಪುಟದುದ್ದಕ್ಕೂ ಯಾರಿಗೂ ಒಂದು ಕೆಟ್ಟ ಮಾತು ಆಡದೆ ನಗುನಗುತ್ತಾ ಇದ್ದ ಕಥೆಯ ಕೆಳಗೆ ‘ನಾನೂ ವಿಧವೆ, ಮಾಸ್ತರರು ಒಂದು ದಿನ ಬಂದು ನೋಡಲಿ’ ಎಂದು ಬರೆದಿದ್ದಳು.

ಅವಳಿಗೆ ಈಗ ಅರವತ್ತೆರಡು. ಏಳನೇ ಕ್ಲಾಸಿನವರೆಗೆ ಓದಿದ್ದಳು. ಹುಡುಗಿ ಪುಸ್ತಕ ಹಿಡಿದರೆ ಬಿಡುವುದಿಲ್ಲ, ಇವಳು ಕನ್ಯಾಸ್ತ್ರೀ ಮಾದ್ರಿಯಾಗಲಿಕ್ಕೇ ಹುಟ್ಟಿದವಳು ಎಂದು ಅಪ್ಪ ಕಾನ್ವೆಂಟಿಗೆ ಕಳಿಸಿದ. ನಾಲ್ಕೇ ತಿಂಗಳಲ್ಲಿ ವಾಪಸು ಬಂದಳು. ಬೆಳಗಿನ ನಾಲ್ಕು ಗಂಟೆಗೆ ಏಳುವುದನ್ನು ಸಹಿಸಿಕೊಳ್ಳಬಹುದಿತ್ತು, ವಾರಕ್ಕೆ ಒಂದೇ ಸಲ ಮೀನು ಎಂದದ್ದನ್ನು ಸಹಿಸಲಾಗಲಿಲ್ಲ. ಆಮೇಲೆ ಹೊಲಿಗೆ ಕಲಿತಳು. ಬಂದರಿನಲ್ಲಿ ದೋಣಿಯ ಮೇಸ್ತ್ರಿಯಾಗಿದ್ದ ಸಾಂತಾನನನ್ನು ಮದುವೆಯಾದಳು. ವಾಡೆಯ ಮಕ್ಕಳ ಮೊದಲ ಪರಮಪ್ರಸಾದದ ಬಿಳಿ ಫ್ರಾಕು, ಮದುಮಗಳ ಗೌನು, ನೆರೆಮನೆಯ ಸುಬ್ಬಿಯ ರವಿಕೆ, ಎಲ್ಲ ಅವಳ ಮಷಿನ್ನಿನಿಂದಲೇ ಬಂದವು.

ಸಾಂತಾನ ಕುಡಿಯುತ್ತಿದ್ದ. ಸತ್ತದ್ದು ಮಾತ್ರ ಕುಡಿದಲ್ಲ, ಕಿಡ್ನಿ ಕೆಟ್ಟು. ಕೊನೆಯ ದಿನ ಪಾದ್ರಿ ಬಂದು ಸಾಯುವವರಿಗೆ ಹಚ್ಚುವ ಅಭ್ಯಂಗದ ಎಣ್ಣೆ ಹಿಡಿದು ಮಂಚದ ಪಕ್ಕ ನಿಂತಾಗ ಸಾಂತಾನ ಕಣ್ಣು ಬಿಟ್ಟು, "ಫಾದರ್, ಸ್ವಲ್ಪ ಆಚೆ ನಿಲ್ಲಿ, ಫ್ಯಾನಿನ ಗಾಳಿ ಬರೂದಿಲ್ಲ" ಎಂದ. ಅದೇ ಅವನ ಕೊನೆಯ ಮಾತು. ಪಾದ್ರಿ ಪಾಪ, ಆಚೆಯೇ ನಿಂತು ಕೈ ಚಾಚಿ ಎಣ್ಣೆ ಹಚ್ಚಿದರು. ಸೆರಾಬಾಯಿ ಆ ದಿನ ಅತ್ತಳು, ಆಮೇಲೆ ಆ ಮಾತು ನೆನೆಸಿಕೊಂಡು ಎಷ್ಟೋ ಸಲ ನಕ್ಕಳು. ಅಂಥ ಸಾವು ಬೊನಿಫಾಸ್ ಮಾಸ್ತರರ ಕಥೆಯಲ್ಲಿ ಒಂದೂ ಬರಲಿಲ್ಲವಲ್ಲ ಎಂಬುದು ಅವಳ ದೊಡ್ಡ ತಕರಾರು.

ವಾಡೆಯ ಇಪ್ಪತ್ತು ಮನೆಯವರು ಪ್ರತಿ ತಿಂಗಳ ಎರಡನೇ ಶನಿವಾರ ಸಂಜೆ ಸರದಿಯ ಪ್ರಕಾರ ಒಬ್ಬರ ಮನೆಯಲ್ಲಿ ಸೇರಿ ಜಪಮಾಲೆ ಹೇಳುತ್ತಾರೆ. ಕೊನೆಗೆ ಕಡಲೆ ಉಸಳಿ ಮತ್ತು ಚಾ. ಜಪಕ್ಕೂ ಉಸಳಿಗೂ ನಡುವೆ ಅರ್ಧ ಗಂಟೆ ಯಾರಾದರೂ ಪತ್ರಿಕೆಯಿಂದ ಏನಾದರೂ ಓದಬೇಕು ಎಂಬುದು ಪದ್ಧತಿ. ಮುದುಕಿಯರಿಗೆ ಅಕ್ಷರ ಕಾಣುವುದಿಲ್ಲ, ಹುಡುಗಿಯರಿಗೆ ಮೊಬೈಲು ಬಿಟ್ಟರೆ ಬೇರೆ ಏನೂ ಕಾಣುವುದಿಲ್ಲ. ಓದುತ್ತಿದ್ದ ಸಿಸ್ಟರಿಗೆ ಕಾರವಾರಕ್ಕೆ ವರ್ಗವಾದಾಗ, ವಾಡೆಯ ಹಿರಿಯ ಎಂದು ಇಗರ್ಜಿಯವರು ನೇಮಿಸಿದ್ದ ಗುರ್ಕಾರ ಕೈತಾನ್ ಸೆರಾಬಾಯಿಯ ಕಡೆ ಬೆರಳು ತೋರಿಸಿದ. ಅವಳ ಕನ್ನಡಕ ಹೊಸದು ಎಂಬುದೇ ಅವನು ಕೊಟ್ಟ ಕಾರಣ.

ಆಗಷ್ಟೇ ಮಾಸ್ತರರ ‘ದಾರಿ ತಪ್ಪಿದ ಕುರಿಮರಿ’ ಧಾರಾವಾಹಿ ಸುರುವಾಗಿತ್ತು. ಹತ್ತು ಕಂತು. ಅದರಲ್ಲಿ ರೋಸ್ಲಿನ್ ಎಂಬ ಹುಡುಗಿ ಹೆತ್ತ ತಾಯಿಯನ್ನು ಬಿಟ್ಟು ಹಿಂದೂ ಟೆಂಪೊ ಡ್ರೈವರನ ಹಿಂದೆ ಹೋಗುತ್ತಾಳೆ. ಎರಡನೇ ಕಂತಿನಲ್ಲೇ ಅವಳಿಗೆ ಅನ್ನಕ್ಕೆ ಗತಿಯಿಲ್ಲ. ಸೆರಾಬಾಯಿ ಅದನ್ನು ಇದ್ದ ಹಾಗೆಯೇ ಓದಿದಳು. ಓದುತ್ತಾ ತಲೆಯೆತ್ತಿದರೆ ಎದುರಿಗೆ ಇಜಬೆಲ್ ಮಾಂಯ್ ಕೂತಿದ್ದಳು. ಸೆರಾಬಾಯಿ ದನಿ ಇಳಿಸಿ ಓದಿ ಮುಗಿಸಿದಳು.

ವಾಡೆಯವರು ಮಾಂಯ್, ಅಂದರೆ ಅಮ್ಮ, ಎಂದು ಕರೆಯುತ್ತಿದ್ದ ಇಜಬೆಲ್ ಎಪ್ಪತ್ನಾಲ್ಕರ ವಿಧವೆ. ಅವಳ ಒಬ್ಬಳೇ ಮಗಳು ಲವೀನಾ ಕುಮಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಅಘನಾಶಿನಿ ಊರಿನ ನಿತ್ಯಾನಂದ ಎಂಬವನನ್ನು ರಿಜಿಸ್ಟರ್ ಮದುವೆಯಾಗಿ ಹೋದಳು. ಅವನು ಹೊಳೆಯಲ್ಲಿ ಬಳಚು ತೆಗೆಯುವವನು, ಚಿಪ್ಪಿನೊಳಗಿನ ಆ ಮಾಂಸವೇ ಆ ಮನೆಯ ಊಟವೂ ಸಂಪಾದನೆಯೂ. ಹನ್ನೊಂದು ವರ್ಷದ ಹಿಂದಿನ ಮಾತು. ಅವತ್ತೇ ಇಜಬೆಲ್, "ನನಗೆ ಮಗಳಿಲ್ಲ" ಎಂದು ವಾಡೆಗೆಲ್ಲ ಕೇಳುವ ಹಾಗೆ ಹೇಳಿ, ಗೋಡೆಯ ಮೇಲಿದ್ದ ಲವೀನಾಳ ಪರಮಪ್ರಸಾದದ ಫೋಟೊವನ್ನು ಹಿಂದುಮುಂದು ಮಾಡಿ ತೂಗುಹಾಕಿದಳು. ತೆಗೆದು ಬಿಸಾಡಲಿಲ್ಲ. ಪ್ರತಿ ಶನಿವಾರ ಆ ಫೋಟೊದ ಬೆನ್ನಿನ ರಟ್ಟಿಗೆ ಬಟ್ಟೆಯಾಡಿಸಿ ಧೂಳು ಒರೆಸುತ್ತಿದ್ದಳು. ಆ ಫೋಟೊದಲ್ಲಿದ್ದ ಫ್ರಾಕು ಹೊಲಿದದ್ದು ಸೆರಾಬಾಯಿಯೇ.

ರೋಸ್ಲಿನ್‌ಗೆ ಅನ್ನವಿಲ್ಲ ಎಂದು ಕೇಳಿ ಇಜಬೆಲ್, "ಹಾಂಗೇ ಆಗ್ಬೇಕು" ಎಂದಳು. ಆದರೆ ಉಸಳಿ ಮುಟ್ಟಲಿಲ್ಲ. ಕೈ ತೊಳೆಯುವ ನೆವದಲ್ಲಿ ಹಿತ್ತಲಿಗೆ ಹೋದವಳು ಬಾವಿಕಟ್ಟೆ ಹಿಡಿದುಕೊಂಡು ನಿಂತೇ ಇದ್ದಳು. ಸೆರಾಬಾಯಿಗೆ ತನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟನ್ನು ಭಟ್ಕಳದ ಕಡೆಗೆ ತಿರುಗಿಸಿದಳು.

ಮೂರನೇ ಕಂತಿನ ಮೊದಲ ಸಾಲು ಹೀಗಿತ್ತು: ‘ರೋಸ್ಲಿನ್ ಕೆಮ್ಮಿದಳು. ಅದು ಸಾಧಾರಣ ಕೆಮ್ಮಾಗಿರಲಿಲ್ಲ.’ ಸೆರಾಬಾಯಿ ಮಾಸ್ತರರ ಕೆಮ್ಮನ್ನು ಚೆನ್ನಾಗಿ ಬಲ್ಲವಳು. ಮೂರನೇ ಕಂತಿನಲ್ಲಿ ಕೆಮ್ಮಿದವಳು ಹತ್ತನೆಯದರಲ್ಲಿ ಶವಪೆಟ್ಟಿಗೆಗೆ ಹೋಗುವುದು ಖಂಡಿತ. ಮೊದಲ ವಾಕ್ಯ ಓದಿದಳು. ಇಜಬೆಲ್ ಮಾಂಯ್‌ನ ಬೆರಳು ಜಪಮಾಲೆಯ ಮಣಿಯನ್ನು ಹಿಸುಕುತ್ತಿರುವುದು ಕಂಡಿತು. ಸೆರಾಬಾಯಿಯ ಬಾಯಿ ತನ್ನಷ್ಟಕ್ಕೆ ಮುಂದುವರಿಯಿತು: "ಒಲೆ ಮೇಲೆ ಮೆಣಸು ಹುರೀತಿದ್ಲು, ಘಾಟು ಮೂಗಿಗೆ ಹೊಡೀತು."

"ಅಯ್ಯೊ, ಎಂತ ಮೀನಿಗೆ?" ಎಂದು ಹೊಸ್ತಿಲ ಬಳಿ ಕೂತಿದ್ದ ಸುಬ್ಬಿ ಕೇಳಿದಳು. ಸುಬ್ಬಿ ಬಂದರಿನಲ್ಲಿ ಮೀನು ಮಾರುವವಳು, ಜಪಮಾಲೆಗೂ ಅವಳಿಗೂ ಸಂಬಂಧವಿಲ್ಲ. ಕಥೆಗೆಂದೇ ಬಂದು, ಜಪ ಮುಗಿಯುವವರೆಗೆ ಅಂಗಳದಲ್ಲಿ ಎಲೆ ಅಡಿಕೆ ಹಾಕಿಕೊಂಡು ಕಾಯುವಳು.

"ಬಂಗಡೆಗೆ" ಎಂದಳು ಸೆರಾಬಾಯಿ, ಪತ್ರಿಕೆಯಲ್ಲಿ ಬರೆದಿದೆಯೇನೋ ಎಂಬ ಹಾಗೆ.

ಅಲ್ಲಿಂದ ಅವಳಿಗೆ ತಡೆಯಿಲ್ಲದಾಯಿತು. ಮದುಮಗಳಿಗೆ ಗೌನು ಬಿಗಿಯಾದರೆ ಹೊಲಿಗೆ ಬಿಚ್ಚಿ ಒಳಗೆ ಮಡಚಿಟ್ಟ ಬಟ್ಟೆಯನ್ನು ಹೊರಗೆ ಬಿಡುವುದು ಅವಳಿಗೆ ದಿನನಿತ್ಯದ ಕೆಲಸ, ಮಾಸ್ತರರ ಕಥೆಗೂ ಅದನ್ನೇ ಮಾಡಿದಳು. ರೋಸ್ಲಿನ್ ಬಂಗಡೆ ಹುರಿದಳು. ಅತ್ತೆಗೆ ಖಾರ ಹೆಚ್ಚಾಯಿತು ಎಂದು ಜಗಳವಾಯಿತು. ರೋಸ್ಲಿನ್ ಸಂತರ ಹಾಗೆ ಸಹಿಸಿಕೊಳ್ಳದೆ ಅತ್ತೆಗೆ ನಾಲ್ಕು ಮಾತು ತಿರುಗಿಸಿ ಹೇಳಿದಳು, ಸುಬ್ಬಿ ಚಪ್ಪಾಳೆ ಹೊಡೆದಳು. ಐದನೇ ಕಂತಿಗೆ ರೋಸ್ಲಿನ್ ಒಂದು ಆಡು ತಂದಳು. ಆಡು ನೆರೆಮನೆಯ ಭಟ್ಟರ ಬಾಳೆ ತಿಂದಿತು. ಭಟ್ಟರು ಬಂದು ಬೈದರು, ಬೈದು ಮುಗಿಸಿ ಚಾ ಕುಡಿದು ಹೋದರು. ಮಾಸ್ತರರ ಕಥೆಗಳಲ್ಲಿ ಹಿಂದೂಗಳು ಇರುತ್ತಿದ್ದದ್ದು ಕ್ರಿಶ್ಚಿಯನ್ನರ ಒಳ್ಳೆಯತನ ನೋಡಿ ಬೆರಗಾಗಲಿಕ್ಕೆ ಮಾತ್ರ, ಚಾ ಕುಡಿದವರು ಇವರೇ ಮೊದಲು.

ದೇವರನ್ನು ಅವಳೇನೂ ಕಥೆಯಿಂದ ಹೊರಗೆ ಹಾಕಲಿಲ್ಲ. ಕಪಾಟಿನ ಬೀಗದ ಕೈ ಕಳೆದುಹೋದಾಗ ರೋಸ್ಲಿನ್ ಸಂತ ಅಂತೋನಿಗೆ ಮೊಂಬತ್ತಿ ಹರಕೆ ಹೇಳಿದಳು. ಅತ್ತೆ ಇಡಗುಂಜಿ ಗಣಪತಿಗೆ ತೆಂಗಿನಕಾಯಿ ಹೇಳಿಕೊಂಡಳು. ಬೀಗದ ಕೈ ಫ್ರಿಜ್ಜಿನೊಳಗೆ ಮೊಟ್ಟೆಯ ಪಕ್ಕ ಸಿಕ್ಕಿತು. ಯಾರ ದೇವರು ಹುಡುಕಿಕೊಟ್ಟದ್ದು ಎಂದು ಅತ್ತೆ ಸೊಸೆ ಎರಡು ದಿನ ವಾದ ಮಾಡಿದರು, ಆಮೇಲೆ ಇಬ್ಬರ ಹರಕೆಯನ್ನೂ ತೀರಿಸಿದರು. ಇದನ್ನು ಕೇಳಿ ಇಜಬೆಲ್ ಮಾಂಯ್ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಹನ್ನೊಂದು ವರ್ಷದಲ್ಲಿ ಅವಳ ನಗು ವಾಡೆಗೆ ಕೇಳಿದ್ದು ಅದೇ ಮೊದಲು.

ಕೂಟಕ್ಕೆ ಜನ ಹೆಚ್ಚಾದರು. ಗಂಡಸರೂ ಬಂದರು, ಕೈತಾನ್ ಮನೆಯಿಂದ ಕುರ್ಚಿ ಹೊತ್ತು ತಂದ. ಸೆರಾಬಾಯಿ ಒಂದೇ ಪುಟದ ಮೇಲೆ ಬೆರಳಿಟ್ಟುಕೊಂಡು ಮುಕ್ಕಾಲು ಗಂಟೆ ಓದುತ್ತಿದ್ದಳು. ಮನಸ್ಸು ಮಾತ್ರ ಚುಚ್ಚುತ್ತಿತ್ತು. ಪಾಪನಿವೇದನೆಗೆ ಹೋಗಿ ಪಾದ್ರಿಯ ಹತ್ತಿರ ಎಲ್ಲ ಹೇಳಿಕೊಂಡಳು. ಪಾದ್ರಿ ಮೂರು ‘ನಮೋ ಮರಿಯಾ’ ಹೇಳಲು ವಿಧಿಸಿದರು. ಅವಳು ಏಳುವಷ್ಟರಲ್ಲಿ ಜಾಲರಿಯ ಆಚೆಯಿಂದ, "ಆ ಆಡು ಮರಿ ಹಾಕ್ತದಾ?" ಎಂದು ಕೇಳಿದರು.

ಒಂಬತ್ತನೇ ಕಂತು ಮುಗಿದ ಮೇಲೆ ಇಜಬೆಲ್ ಮಾಂಯ್ ಸೆರಾಬಾಯಿಯನ್ನು ಮೂಲೆಗೆ ಕರೆದಳು. ಸೀರೆಯ ಅಂಚನ್ನು ಬೆರಳಿಗೆ ಸುತ್ತುತ್ತಾ, "ಕುಮಟೆಯಿಂದ ಅಘನಾಶಿನಿಗೆ ಬಸ್ಸು ಎಷ್ಟೊತ್ತಿಗೆ ಅದೆ?" ಎಂದಳು. ತಕ್ಷಣ, "ನಾ ಹೋಗೂಕಲ್ಲ. ಸುಮ್ನೆ ಕೇಳ್ದೆ" ಎಂದು ಸೇರಿಸಿದಳು. ಸೆರಾಬಾಯಿ ಮನೆಗೆ ಬಂದು ಖುಷಿಯಲ್ಲಿ ಒಬ್ಬಳೇ ಎರಡು ಸಲ ಚಾ ಮಾಡಿ ಕುಡಿದಳು. ಕೊನೆಯ ಕಂತಿನಲ್ಲಿ ತಾಯಿ ಮಗಳ ಮನೆಗೆ ಹೋಗುತ್ತಾಳೆ ಎಂದು ಓದಿಬಿಟ್ಟರೆ ಈ ಮುದುಕಿ ಬಸ್ಸು ಹತ್ತುವುದು ನಿಶ್ಚಯ.

ಮರುವಾರ ವಾಡೆಯ ವಾಟ್ಸಾಪ್ ಗುಂಪಿಗೆ ಕೈತಾನನ ದನಿ ಬಂತು. ಎಲ್ಲರಿಗೂ ಸಂತೋಷದ ಸುದ್ದಿ, ಧಾರಾವಾಹಿ ನಮ್ಮ ವಾಡೆಯಲ್ಲಿ ಇಷ್ಟು ಜನಪ್ರಿಯವಾದದ್ದನ್ನು ಕೇಳಿ ಸ್ವತಃ ಬೊನಿಫಾಸ್ ಮಾಸ್ತರರೇ ಭಟ್ಕಳದಿಂದ ಬಂದು ಕೊನೆಯ ಕಂತು ಓದುತ್ತಾರೆ, ಈ ಸಲದ ಸರದಿ ಇಜಬೆಲ್ ಮಾಂಯ್‌ನ ಮನೆ, ಉಸಳಿಯ ಜೊತೆಗೆ ಕೇಕೂ ಇರುತ್ತದೆ. ಸೆರಾಬಾಯಿ ಕತ್ತರಿ ಕೆಳಗಿಟ್ಟು ಆಗಷ್ಟೇ ಬಂದಿದ್ದ ಪತ್ರಿಕೆ ತೆಗೆದಳು.

ಕೊನೆಯ ಕಂತು ಅದರಲ್ಲಿತ್ತು. ರೋಸ್ಲಿನ್ ರಕ್ತ ಕಾರುತ್ತಾ ತಾಯಿಯ ಮನೆಗೆ ಬಂದು ಬಾಗಿಲು ತಟ್ಟುತ್ತಾಳೆ. ತಾಯಿ ಬಾಗಿಲು ತೆರೆಯುವುದಿಲ್ಲ. ಮಗಳು ಮೆಟ್ಟಿಲ ಮೇಲೆ ಪ್ರಾಣ ಬಿಡುತ್ತಾಳೆ, ಒಳಗಿದ್ದ ತಾಯಿ ‘ದೇವರ ಚಿತ್ತ’ ಎನ್ನುತ್ತಾಳೆ. ಇದನ್ನು ಇಜಬೆಲ್ ಮಾಂಯ್‌ನ ಮನೆಯೊಳಗೇ, ಬೆನ್ನು ತಿರುಗಿಸಿದ ಆ ಫೋಟೊದ ಕೆಳಗೇ ಕೂತು ಓದಿದರೆ ಮುದುಕಿ ಇನ್ನು ಸಾಯುವವರೆಗೆ ಬಸ್ಸಿನ ಹೊತ್ತು ಕೇಳಲಾರಳು.

ಶನಿವಾರ ಮಧ್ಯಾಹ್ನ ಸೆರಾಬಾಯಿ ಹೊನ್ನಾವರ ಬಸ್‌ಸ್ಟ್ಯಾಂಡಿಗೇ ಹೋಗಿ ಮಾಸ್ತರರನ್ನು ಹಿಡಿದಳು. ಬಿಳಿ ಅಂಗಿ, ಕಂಕುಳಲ್ಲಿ ಫೈಲು, ಬಿಸಿಲಿಗೂ ಕೊಡೆ. ಅವಳು ಊಹಿಸಿಕೊಂಡಿದ್ದಕ್ಕಿಂತ ಕುಳ್ಳಗಿದ್ದರು. ಇಷ್ಟು ಸಣ್ಣ ಮನುಷ್ಯ ಅಷ್ಟೊಂದು ಜನರನ್ನು ಹೇಗೆ ಕೊಂದ ಎಂದು ಅವಳಿಗೆ ಆಶ್ಚರ್ಯವಾಯಿತು. ಊಟಕ್ಕೆ ಕರೆದುಕೊಂಡು ಹೋಗಿ ತಾರ್ಲೆ ಮೀನಿನ ಸಾರು ಬಡಿಸಿದಳು. ಮಾಸ್ತರರು ಎರಡು ಸಲ ಹಾಕಿಸಿಕೊಂಡು ಬೆರಳು ನೆಕ್ಕಿದರು. ಆಗ ಅವಳು ಎಲ್ಲವನ್ನೂ ಹೇಳಿದಳು, ಕೆಮ್ಮಿನಿಂದ ಹಿಡಿದು ಆಡಿನವರೆಗೆ, ಇಜಬೆಲ್ ಮತ್ತು ಲವೀನಾಳ ವಿಷಯವನ್ನೂ ಬಿಡದೆ.

ಮಾಸ್ತರರ ಮುಖ ಕೆಂಪಾಯಿತು. "ಬಾಯಮ್ಮ, ಇದು ಕಳ್ಳತನ."

"ಪಾದ್ರಿಗಳ ಹತ್ರ ಹೇಳಿ ಆತು, ಮೂರು ಜಪದಲ್ಲಿ ಮುಗೀತು" ಎಂದಳು ಸೆರಾಬಾಯಿ. "ಈಗ ನಿಮ್ ಹತ್ರ ಕೇಳ್ತೆ. ಇವತ್ತೊಂದು ದಿನ ಆ ಹುಡುಗಿನ ಬದುಕಿಸ್ಕಣಿ ಮಾಸ್ತರ್ರೆ. ನಾಳೆಯಿಂದ ಯಾರನ್ನ ಬೇಕಾದ್ರೂ ಕೊಲ್ಲಿ."

"ಕಥೆಯಿಂದ ಜನಕ್ಕೆ ಪಾಠ ಸಿಗಬೇಕು."

"ಪಾಠ ಇಗರ್ಜಿಯಲ್ಲಿ ಪ್ರತಿ ಆದಿತ್ಯವಾರ ಸಿಗ್ತದೆ. ಅದೂ ಸಾಲ್ದೆ ಮಕ್ಕಳಿಗೆ ಬೇರೆ ಕ್ಲಾಸು. ಕಥೆಯಲ್ಲಾದ್ರೂ ಮನುಷ್ಯರು ಬೇಡ್ವಾ? ನಿಮ್ ಕಥೆಯಲ್ಲಿ ಯಾರೂ ಬಟ್ಟೆ ಒಗೆಯೂದಿಲ್ಲ, ಇಗರ್ಜಿಯ ಬೆಂಚಿಗೆ ಜಗಳ ಆಡೂದಿಲ್ಲ, ಪೂಜೆ ಹೊತ್ತಿಗೆ ನಿದ್ದೆ ಹೊಡೆಯೂದಿಲ್ಲ. ದೇವರ ಹತ್ರ ಕೇಳಿ ಸಿಗದೇ ಇದ್ದವ್ರು ಒಬ್ರೂ ಇಲ್ಲ. ನಾ ಕೇಳ್ದೆ, ಸಾಂತಾನನಿಗೆ ಇನ್ನೊಂದು ವರ್ಷ ಕೊಡು ಅಂತ. ಸಿಗ್ಲಿಲ್ಲ. ಮರುದಿನ ಪೂಜೆಗೂ ಹೋದೆ. ಅಂತವಳ ಬಗ್ಗೆ ಬರೀಲಿಕ್ಕೆ ನಿಮಗೆ ಎಂತ ಕಷ್ಟ?"

ಇಷ್ಟು ಹೇಳಿ ಅವಳು ನೀರು ತರಲು ಎದ್ದಳು. ಬರುವಷ್ಟರಲ್ಲಿ ಮಾಸ್ತರರು ಮಷಿನ್ನಿನ ಪಕ್ಕದಲ್ಲಿದ್ದ ಹಳೆಯ ಪತ್ರಿಕೆಗಳ ಕಟ್ಟನ್ನು ಬಿಚ್ಚಿ ನೋಡುತ್ತಿದ್ದರು. ಪುಟ ತಿರುಗಿಸಿದಷ್ಟೂ ನೀಲಿ ಅಕ್ಷರ. ಮತ್ತೆ ಲಾರಿ. ಮತ್ತೆ ಲಾರಿ. ಒಂದು ಕಡೆ, ಈ ಸಲ ಬಸ್ಸು, ಪರವಾಗಿಲ್ಲ.

"ನಲವತ್ತೊಂದು ಕಥೆ ಬರೆದೆ" ಎಂದರು ಮಾಸ್ತರರು ಸಣ್ಣ ದನಿಯಲ್ಲಿ. "ಒಬ್ಬರೂ ಒಂದು ಪತ್ರ ಬರೆಯಲಿಲ್ಲ."

"ಯಾರು ಬರೀತ್ರು? ನೀವು ಎಲ್ಲರನ್ನೂ ಕೊಂದು ಹಾಕ್ತ್ರಿ."

ಈ ಮಾತಿಗೆ ನಕ್ಕುಬಿಟ್ಟಿದ್ದರೆ ಮಾಸ್ತರರು ದೊಡ್ಡವರಾಗುತ್ತಿದ್ದರು. ಅವರು ನಗಲಿಲ್ಲ. ಪತ್ರಿಕೆಯ ಕಟ್ಟನ್ನು ಮೊದಲಿದ್ದ ಹಾಗೆ ಕಟ್ಟಿ, ಫೈಲು ಕಂಕುಳಿಗೆ ಸಿಕ್ಕಿಸಿ, "ನಾನು ಬರೆದದ್ದನ್ನು ಬರೆದ ಹಾಗೇ ಓದುತ್ತೇನೆ. ಒಂದಕ್ಷರ ಬದಲಿಸುವುದಿಲ್ಲ" ಎಂದರು. ಸೆರಾಬಾಯಿ ಅವರ ಕಾಲು ಹಿಡಿಯುವುದೊಂದು ಬಾಕಿ. ಅದೂ ಮಾಡುತ್ತಿದ್ದಳೇನೋ, ಅಷ್ಟರಲ್ಲಿ ಕೈತಾನ್ ಹೂವಿನ ಹಾರ ಹಿಡಿದು ಬಂದ.

ಸಂಜೆ ಇಜಬೆಲ್ ಮಾಂಯ್‌ನ ಮನೆಯಲ್ಲಿ ಕಾಲಿಡಲಿಕ್ಕೆ ಜಾಗವಿರಲಿಲ್ಲ. ಜಪಮಾಲೆಯನ್ನು ವಾಡೆ ಅಷ್ಟು ಬೇಗ ಯಾವತ್ತೂ ಮುಗಿಸಿರಲಿಲ್ಲ. ಸುಬ್ಬಿ ಹೊಸ್ತಿಲು ದಾಟಿ ಒಳಗೇ ಕೂತಳು. ಇಜಬೆಲ್ ಫೋಟೊ ಇದ್ದ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು, ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಸೆರಾಬಾಯಿಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಹಾರ ಹಾಕಿಸಿಕೊಂಡ ಮಾಸ್ತರರು ಕೆಮ್ಮಿ ಗಂಟಲು ಸರಿಮಾಡಿಕೊಂಡು ಸುರುಮಾಡಿದರು.

"ರೋಸ್ಲಿನ್ ಕೆಮ್ಮಿದಳು."

"ಮೆಣಸು ಹುರೀತಿದ್ಲು" ಎಂದಳು ಸುಬ್ಬಿ, ಹಳೆಯ ಗೆಳತಿಯ ಸುದ್ದಿ ಹೇಳುವ ಹಾಗೆ. ಎಲ್ಲರೂ ತಲೆಯಾಡಿಸಿದರು.

ಮಾಸ್ತರರು ಸುಬ್ಬಿಯನ್ನು ಕನ್ನಡಕದ ಮೇಲಿನಿಂದ ನೋಡಿದರು. "ಕೆಮ್ಮಿದಾಗ ಬಾಯಿಂದ ರಕ್ತ ಬಂತು. ತನ್ನ ಪಾಪದ ಫಲ ತನ್ನನ್ನು ಹುಡುಕಿಕೊಂಡು ಬಂದಿದೆ ಎಂದು ಅವಳಿಗೆ ತಿಳಿಯಿತು."

"ರಕ್ತ ಎಲ್ಲಿಂದ ಬಂತು?" ಎಂದ ಕೈತಾನ್. "ಹೋದ ತಿಂಗಳು ಗಟ್ಟಿಮುಟ್ಟಾಗಿದ್ದಳಲ್ಲ, ಆಡಿನ ಹಿಂದೆ ಗದ್ದೆಯೆಲ್ಲ ಓಡಿದ್ಲು."

"ಆಡು ಎಂತ ಆಯ್ತು?" ಹಿಂದಿನಿಂದ ಯಾರೋ ಕೇಳಿದರು.

"ಆಡು ಇಲ್ಲ!" ಎಂದರು ಮಾಸ್ತರರು. "ಈ ಕಥೆಯಲ್ಲಿ ಆಡು ಇರಲೇ ಇಲ್ಲ!"

ಮನೆಯೊಳಗೆ ಗುಜುಗುಜು ಎದ್ದಿತು. ಮಾಸ್ತರರಿಗೆ ವಯಸ್ಸಾಯಿತು, ಮರೆವು ಬಂದಿರಬೇಕು ಎಂದು ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಹೇಳಿದಳು. ಸುಬ್ಬಿಗೆ ಕಿವಿಯಲ್ಲಿ ಹೇಳಿ ಗೊತ್ತಿಲ್ಲ. "ಮಾಸ್ತರ್ರೆ, ಸಿಟ್ಟು ಮಾಡ್ಕಬೇಡಿ. ಈ ಕಥೆ ನಿಮಗೆ ಸಮಾ ಗೊತ್ತಿಲ್ಲ. ನಮ್ ಸೆರಾಬಾಯಿಗೆ ಕೊಡಿ, ಅವ್ರು ಚೊಲೋ ಓದ್ತ್ರು" ಎಂದಳು.

ಸೆರಾಬಾಯಿಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ಆದರೆ ಮಾಸ್ತರರು ಹಟವಾದಿ ಹೆಡ್ಮಾಸ್ತರರು, ಗದ್ದಲ ಮಾಡುವ ಕ್ಲಾಸನ್ನು ಮೂವತ್ತು ವರ್ಷ ಸಂಭಾಳಿಸಿದವರು. ದನಿ ಏರಿಸಿ ಎರಡು ಪುಟ ಸರಸರ ಓದಿ ಬಾಗಿಲ ಹತ್ತಿರ ಬಂದೇಬಿಟ್ಟರು. "ರೋಸ್ಲಿನ್ ನಡುಗುವ ಕೈಯಿಂದ ಬಾಗಿಲು ತಟ್ಟಿದಳು. ಅಮ್ಮಾ ಎಂದು ಕರೆದಳು. ತಾಯಿ ಬಾಗಿಲು ತೆರೆಯಲಿಲ್ಲ."

"ತೆರೀತಾಳೆ" ಎಂದಳು ಇಜಬೆಲ್ ಮಾಂಯ್.

ಮಾಸ್ತರರು ಪುಟದ ಮೇಲೆ ಬೆರಳಿಟ್ಟು, "ತಾಯಿ ಬಾಗಿಲು ತೆರೆಯಲಿಲ್ಲ" ಎಂದು ಮತ್ತೆ ಓದಿದರು. ಈ ಸಲ ದನಿ ಅಷ್ಟು ಗಟ್ಟಿಯಿರಲಿಲ್ಲ.

ಇಜಬೆಲ್ ಗೋಡೆ ಹಿಡಿದು ಎದ್ದು ನಿಂತಳು. ಮೊಣಕಾಲು ನೋವಿನ ಮುದುಕಿ, ಏಳಲಿಕ್ಕೆ ಹೊತ್ತು ಹಿಡಿಯಿತು. "ಇದು ಯಾರ ಮನೆ?" ಎಂದಳು. "ನನ್ನ ಮನೆ ಬಾಗಿಲು ನಾ ತೆಗೀತೆನಾ ಇಲ್ಲವಾ ಅಂತ ಭಟ್ಕಳದವ ಹೇಳೂದಾ? ನನ್ನ ಮಗಳು ಬಂದ್ರೆ ನಾ ತೆಗೀತೆ. ಲವೀನಾ ಬರೂದಿಲ್ಲ, ಅವಳಿಗೂ ನನ್ನಷ್ಟೇ ಸೊಕ್ಕು. ಅದಕ್ಕೆ ನಾನೇ ಹೋತೆ."

ಹನ್ನೊಂದು ವರ್ಷ ವಾಡೆಯಲ್ಲಿ ಯಾರೂ ಅವಳೆದುರು ಆಡದ ಹೆಸರು ಅದು. ಇಜಬೆಲ್ ತಿರುಗಿ, ಕೈ ಮೇಲೆ ಮಾಡಿ ಫೋಟೊವನ್ನು ಮೊಳೆಯಿಂದ ತೆಗೆದು ಸರಿಯಾಗಿ ತೂಗುಹಾಕಿದಳು. ಬಿಳಿ ಫ್ರಾಕಿನ ಎಂಟು ವರ್ಷದ ಹುಡುಗಿ, ಕೈಯಲ್ಲಿ ಮೊಂಬತ್ತಿ, ಮುಂದಿನ ಎರಡು ಹಲ್ಲಿಲ್ಲ. ಸೆರಾಬಾಯಿ ಅಳುತ್ತಿದ್ದಳು. ಇಜಬೆಲ್ ಅವಳನ್ನು ನೋಡಿ ರೇಗಿದಳು.

"ನೀ ಎಂತಕೆ ಅಳ್ತಿ? ನೀ ಓದೂದು ಪುಸ್ತಕದಲ್ಲಿ ಇಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಏಳೆಂಟು ತಿಂಗಳಿಂದ ಒಂದು ಪುಟ ಮಗುಚಲಿಲ್ಲ ನೀನು. ನನ್ನ ಕಣ್ಣಿಗೆ ಅಕ್ಷರ ಕಾಣೂದಿಲ್ಲ, ಪುಟ ಕಾಣೂದಿಲ್ವಾ?"

ಕೈತಾನ್ ಸಮಯ ನೋಡಿ ಕೇಕು ತರಿಸಿದ. ಮಾಸ್ತರರ ಹಾರ ಬಾಡಿ ಎದೆಯ ಮೇಲೆ ವಾಲಿತ್ತು. ಅವರು ಉಸಳಿಯ ತಟ್ಟೆ ಹಿಡಿದು ಅಂಗಳದಲ್ಲಿ ಒಬ್ಬರೇ ನಿಂತಿದ್ದರು. ಸೆರಾಬಾಯಿ ಚಾ ಕೊಡಲು ಹೋದಾಗ ಸಿಟ್ಟಿನ ಮಾತು ಬರುತ್ತದೆ ಎಂದುಕೊಂಡಿದ್ದಳು. ಮಾಸ್ತರರು ಅಂಗಿಯ ಜೇಬಿನಿಂದ ಪೆನ್ನು ತೆಗೆದರು. "ಆ ಆಡು" ಎಂದರು, ಆಚೀಚೆ ನೋಡಿ. "ಬಣ್ಣ ಯಾವುದು?"

ಸೋಮವಾರ ಬೆಳಿಗ್ಗೆ ಸೆರಾಬಾಯಿ ಮತ್ತು ಇಜಬೆಲ್ ಕುಮಟೆಗೆ ಹೋಗಿ ಅಘನಾಶಿನಿಯ ಬಸ್ಸು ಹತ್ತಿದರು. ಇಜಬೆಲ್ ಮಾಂಯ್ ಬೆಲ್ಲ, ತೆಂಗಿನಹಾಲಿನಲ್ಲಿ ಕಾಸಿದ ಒಂದು ಡಬ್ಬಿ ದೋದೊಲ್ ಕಟ್ಟಿಕೊಂಡಿದ್ದಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ತುಟಿಯಲ್ಲೇ ಅಭ್ಯಾಸ ಮಾಡುತ್ತಿದ್ದಳು. ಮಾತು ದೊಡ್ಡದಿತ್ತು, ಅದರಲ್ಲಿ ಕ್ಷಮೆ ಎಂಬ ಶಬ್ದ ಮೂರು ಸಲ ಬರುತ್ತಿತ್ತು. ಕೇಳುತ್ತಾ ಕೂತ ಸೆರಾಬಾಯಿಗೆ ಹೆದರಿಕೆಯಾಯಿತು. ತಾನು ಹೇಳಿದ ಸುಖದ ರೋಸ್ಲಿನ್ ತನ್ನ ಬಾಯಿಯಲ್ಲಿ ಹುಟ್ಟಿದವಳು. ನಿಜವಾದ ಲವೀನಾ ಹೇಗಿದ್ದಾಳೆ ಎಂಬುದು ಮಾಸ್ತರರಿಗೆ ಎಷ್ಟು ಗೊತ್ತೋ ತನಗೂ ಅಷ್ಟೇ ಗೊತ್ತು. ಅಲ್ಲಿ ಬಾಗಿಲು ಹಾಕಿಕೊಂಡರೆ ಈ ಮುದುಕಿಯನ್ನು ವಾಪಸು ಹೇಗೆ ಕರೆದುಕೊಂಡು ಹೋಗುವುದು?

ಕೇಳಿಕೊಂಡು ಮನೆ ಹುಡುಕಿದರು. ಅಂಗಳದಲ್ಲಿ ಆಡು ಇರಲಿಲ್ಲ, ಚಿಪ್ಪಿನ ರಾಶಿ ಇತ್ತು. ಜಗುಲಿಯಲ್ಲಿ ನಿತ್ಯಾನಂದನ ತಾಯಿ ಈರಮ್ಮ ಬಳಚು ಬಿಡಿಸುತ್ತಿದ್ದವಳು ಇವರನ್ನು ಕಂಡು ಒಳಗಿದ್ದ ಸೊಸೆಯನ್ನು ಕೂಗಿದಳು. ಒಳಗಿನಿಂದ ನೆಲ ಒರೆಸುವ ಬಟ್ಟೆ ಹಿಡಿದು ಲವೀನಾ ಹೊರಗೆ ಬಂದಳು. ದಪ್ಪಗಾಗಿದ್ದಳು, ತಲೆಯಲ್ಲಿ ನಾಲ್ಕಾರು ಬಿಳಿ ಕೂದಲು. ತಾಯಿಯನ್ನು ನೋಡಿದಳು. ಓಡಿ ಬರಲಿಲ್ಲ, ಕಣ್ಣೀರು ಹಾಕಲಿಲ್ಲ.

"ಚಪ್ಪಲಿ ಅಲ್ಲೇ ಬಿಡು" ಎಂದಳು. "ಈಗಷ್ಟೇ ಒರೆಸಿದ್ದೆ."

ಇಜಬೆಲ್ ಮಾಂಯ್ ಅಭ್ಯಾಸ ಮಾಡಿದ್ದೆಲ್ಲ ಮರೆತಳು. ಚಪ್ಪಲಿಯ ಬಕ್ಕಲು ಬಿಚ್ಚಲು ಬಗ್ಗಿದಳು, ಮೊಣಕಾಲು ಬಗ್ಗಲಿಲ್ಲ. ಇನ್ನೊಂದು ಸಲ ಬಗ್ಗಿ ಕಂಬ ಹಿಡಿದುಕೊಂಡಳು. ಸೆರಾಬಾಯಿ ಮುಂದೆ ಬರುವಷ್ಟರಲ್ಲಿ ಲವೀನಾ ಒರೆಸುವ ಬಟ್ಟೆ ಬಿಸಾಡಿ ಮೆಟ್ಟಿಲಿಳಿದು ಮಣ್ಣಿನ ಮೇಲೇ ಕೂತು ತಾಯಿಯ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ಇಂಥ ಚಪ್ಪಲಿ ಹಾಕ್ತಾರಾ ಈ ವಯಸ್ಸಲ್ಲಿ? ಯಾರು ತೆಗೆಸಿಕೊಟ್ಟದ್ದು? ಕಾಲು ನೋಡು ಹೇಗೆ ಬಾತದೆ" ಎಂದು ಬೈಯುತ್ತಾ ಬಕ್ಕಲು ಬಿಚ್ಚಿದಳು. ಬಿಚ್ಚಿದ ಮೇಲೂ ಪಾದವನ್ನು ಕೆಳಗಿಡಲಿಲ್ಲ. ಇಜಬೆಲ್ ಮಗಳ ತಲೆಯ ಮೇಲೆ ಕೈಯಿಟ್ಟು ನಿಂತಳು.

ಒಳಗೆ ಒಲೆಯ ಮೇಲೆ ಏನೋ ಸೀಯುವ ವಾಸನೆ ಬಂತು. "ಎಂತ ಮೀನು?" ಎಂದು ಇಜಬೆಲ್ ಮಾಂಯ್ ಕೇಳಿದಳು.

"ಮೀನಲ್ಲ, ಬಳಚು" ಎಂದಳು ಲವೀನಾ. "ಉಂಡ್ಕಂಡೇ ಹೋಗು."